ಮೊದಲೇ ಹೇಳಿಕೊಟ್ಟ ತಪ್ಪುಗಳು

ಪೆಟ್ಟು ತಿಂದವರು ಕಿಡ್ನಿ ರೋಗಿಗಳು. ತಪ್ಪು ಹೈದರಾಬಾದಿನ ಮಾದಾಪುರದ ನಮ್ಮ ಕಚೇರಿಯದು.

ಹೈದರಾಬಾದು ಆಂಧ್ರಪ್ರದೇಶದ ರಾಜಧಾನಿಯಾಗಿದ್ದ ಆ ವರ್ಷಗಳಲ್ಲಿ ನಾನಿದ್ದ ಕಂಪನಿಯು ಆಸ್ಪತ್ರೆಯೊಂದಕ್ಕೆ ಡಯಾಲಿಸಿಸ್ ಸರದಿಯನ್ನು ಗೊತ್ತುಮಾಡುವ ತಂತ್ರಾಂಶ ಮಾಡಿಕೊಟ್ಟಿತ್ತು. ದಿಲ್‌ಸುಖ್‌ನಗರದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ, ನಾವು ಕಾಕು (ಚಿಕ್ಕಮ್ಮ) ಎಂದು ಕರೆಯುತ್ತಿದ್ದ ಬೀದರ್ ಕಡೆಯ ಹಿರಿಯ ಹೆಂಗಸು ಚಿಕಿತ್ಸೆಗೆ ಅಲ್ಲಿಗೇ ಹೋಗುತ್ತಿದ್ದರು. ಒಂದು ತಿಂಗಳ ಮೊದಲ ದಿನ ಊದಿದ ಕಾಲುಗಳನ್ನು ಎಳೆದುಕೊಂಡು, ಡಯಾಲಿಸಿಸ್ ಆಗದೆಯೇ ಮರಳಿ ಬಂದರು.

“ಕಂಪ್ಯೂಟರ್‌ನಾಗ ನನ್ನ ಹೆಸರ ಇಲ್ಲಂತವ್ವಾ. ತಪ್ಪು ದಿನ ಬಂದೀಯಮ್ಮಾ, ಹೋಗು ಅಂದ್ರು. ನನಗ ಅರಳುಮರಳು ಆಗೇತೋ ಏನೋ.”

ಮರುದಿನ ಉಸಿರುಕಟ್ಟಿ ಅವರನ್ನು ತುರ್ತು ಘಟಕಕ್ಕೆ ಸೇರಿಸಬೇಕಾಯಿತು.

ನನಗೆ ನಂಬಲಾಗಲಿಲ್ಲ. ತಂತ್ರಾಂಶವನ್ನು ಕಳುಹಿಸುವ ಮುನ್ನ ನಮ್ಮಲ್ಲಿ ಅದರ ಒಂದು ಪ್ರತಿಯೊಳಗೆ ಬೇಕೆಂದೇ ತಪ್ಪುಗಳನ್ನು ಸೇರಿಸುತ್ತಿದ್ದರು. ತಪ್ಪು ಹುಡುಕಲೆಂದೇ ಬರೆದ ಪರೀಕ್ಷಾ ಪ್ರೋಗ್ರಾಂಗಳು ಅವನ್ನು ಹಿಡಿದರೆ ಪರೀಕ್ಷೆಗಳು ಗಟ್ಟಿ ಎಂದರ್ಥ. ಪ್ರತಿ ಸಲವೂ ಎಲ್ಲ ತಪ್ಪುಗಳೂ ಸಿಕ್ಕಿದ್ದವು. ಹಾಗಾದರೆ ಕಾಕುವಿನ ಹೆಸರು ಎಲ್ಲಿ ಹೋಯಿತು? ಒಂದು ಪ್ರತಿಯನ್ನು ತೆಗೆದುಕೊಂಡು, ಯಾರಿಗೂ ಹೇಳದೆ, ತಿಂಗಳು ಬದಲಾದೊಡನೆ ಎಲ್ಲ ರೋಗಿಗಳ ಹೆಸರೂ ಅಳಿಸಿಹೋಗುವಂತೆ ತಿದ್ದಿದೆ. ಪರೀಕ್ಷೆಗಳನ್ನು ಓಡಿಸಿದೆ. ಎಲ್ಲವೂ ಪಾಸು! ನಾನು ಹಾಕಿದ ತಪ್ಪನ್ನು ಒಂದೂ ಹಿಡಿಯಲಿಲ್ಲ.

ಪರೀಕ್ಷೆ ಬರೆಯುವ ರಾಯಚೂರಿನ ಸಹೋದ್ಯೋಗಿ ಇಣುಕಿ ನೋಡಿ ನಕ್ಕ.

“ಹೇಳದ ಕೇಳದ ತಪ್ಪು ಹಾಕಿದ್ರ ಹೆಂಗ ಹಿಡೀತಾವ್ರಿ ಅಕ್ಕಾರ? ಯಾವ ತಪ್ಪು ಹಾಕ್ತೀವಿ ಅಂತ ಮ್ಯಾನೇಜರ್ ಸಾಹೇಬ್ರು ಮೊದಲ ಹೇಳ್ತಾರ. ಅಷ್ಟಕ್ಕ ಪರೀಕ್ಷೆ ಬರೀತೀವಿ. ಇನ್‌ಸ್ಪೆಕ್ಟರ್ ಬರೋ ದಿನ ಮಾಸ್ತರು ಸಾಲಿಗೆ ಸುಣ್ಣಾ ಹಚ್ಚೂದಿಲ್ಲೇನ್ರಿ, ಹಂಗ!”

ಹುಡುಕಿ ನೋಡಿದರೆ, ಆಸ್ಪತ್ರೆಗೆ ಕೊಟ್ಟಿದ್ದ ತಂತ್ರಾಂಶದಲ್ಲಿ, ತಿಂಗಳು ಬದಲಾಗುವ ಅದೇ ಜಾಗದಲ್ಲಿ, ಯಾರೂ ಬೇಕೆಂದು ಹಾಕದ ತಪ್ಪೊಂದು ಕುಳಿತು ಕಾಕುವಿನ ಹೆಸರನ್ನು ಅಳಿಸಿತ್ತು. ತೋರಿಸಿದಾಗ ಮ್ಯಾನೇಜರ್ ಕೋಣೆಯ ಬಾಗಿಲು ಮುಚ್ಚಿದರು. “ಛೋಡೋ, ಬಿಡು ಅಮ್ಮಾ, ಆಸ್ಪತ್ರೆಯವರು ಕೇಳಿದ್ದು ಪರೀಕ್ಷೆಯ ರಿಪೋರ್ಟು. ಕೊಟ್ಟೀವಿ.”

ತಪ್ಪುಗಳನ್ನು ಮೊದಲೇ ಹೇಳಿಕೊಟ್ಟದ್ದು ವಂಚನೆ. ಆ ಫಲಿತಾಂಶವನ್ನು ಆಸ್ಪತ್ರೆಗೆ ತೋರಿಸಿದ್ದು ಅದಕ್ಕಿಂತ ದೊಡ್ಡ ವಂಚನೆ. ರೋಗಿ ಕಣ್ಣೆದುರು ನಿಂತಿದ್ದರೂ ಪರದೆಯನ್ನೇ ನಂಬಿದ ಆಸ್ಪತ್ರೆಯೂ ಹೊಣೆಯಿಂದ ಪಾರಾಗದು.

ಕಂಪನಿಯ ನಿರ್ದೇಶಕರೇ, ಮ್ಯಾನೇಜರ್ ಕಿವಿಗೊಡದಿದ್ದಾಗ ನಿಮ್ಮಲ್ಲಿಗೆ ಬಂದು, ಅಂದು ನಿಮ್ಮೆದುರು ನಿಂತು ಕೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ತಪ್ಪುಗಳನ್ನು ಹೊರಗಿನವರಿಂದ ಹಾಕಿಸಿ. ಪರೀಕ್ಷೆ ಬರೆಯುವವರಿಗೆ ಅವು ಗೊತ್ತಾಗಕೂಡದು. ಸಿಗದೆ ಉಳಿದವುಗಳನ್ನು ಆಸ್ಪತ್ರೆಗೆ ತಿಳಿಸಿ. ಕಾಕು ಇಂದಿಗೂ ತಮ್ಮ ನೆನಪನ್ನೇ ಶಂಕಿಸುತ್ತಾರೆ, ನಾನು ಹೇಳಿದರೆ ನಂಬುವುದಿಲ್ಲ. ಅವರ ಮನೆಗೆ ಹೋಗಿ, ದಿನ ತಪ್ಪಿದವರು ಅವರಲ್ಲ ಎಂದು ನೀವೇ ಹೇಳಿ.