ಹೆಸರುಕಾಳಿನ ವಿಚಾರಣೆ

ನಮ್ಮ ಎಂಜಿನಿಯರಿಂಗ್ ಕಾಲೇಜು ತಮಿಳು ಸೀಮೆಯಲ್ಲಿ, ಮಾಧವರಂ ದಾಟಿದ ಮೇಲೆ ಸಿಗುತ್ತದೆ. ಗೇಟಿನ ಹೊರಗೆ ಊಟಕ್ಕೇನೂ ಬರವಿಲ್ಲ. ಚಿಕನ್ ರೈಸ್, ಎಗ್ ರೈಸ್, ಗೋಬಿ ರೈಸ್ ಎಂದು ಹೆಸರು ಬೇರೆ ಬೇರೆ. ಬಾಣಲೆ ಒಂದೇ, ಎಣ್ಣೆ ಒಂದೇ, ಕೆಂಪು ಬಣ್ಣವೂ ಒಂದೇ. ಪಕ್ಕದಲ್ಲಿ ಪರೋಟದಂಗಡಿ, ಅದರಾಚೆ ಪಫ್ಸ್ ಮಾರುವ ಬೇಕರಿ. ಬಾಳೆಹಣ್ಣು ಬೇಕೆಂದರೆ ಹೆದ್ದಾರಿ ದಾಟಬೇಕು. ಮಣಲಿಯಿಂದ ನುಗ್ಗಿ ಬರುವ ಟ್ಯಾಂಕರ್ ಲಾರಿಗಳ ನಡುವೆ ಹಾಗೆ ದಾಟಿದವರ ಆರೋಗ್ಯಕ್ಕೆ ಬಾಳೆಹಣ್ಣು ತಾನೇ ಏನು ಮಾಡೀತು?

ನಾನು ಅಲ್ಲಿ ಪಾಠ ಹೇಳುವವಳು. ಮೈಸೂರಿನ ಕಡೆಯವಳು, ಮದುವೆಯಾಗಿ ಪೆರಂಬೂರಿಗೆ ಬಂದವಳು. ಮಧ್ಯಾಹ್ನದ ಡಬ್ಬಿಯಲ್ಲಿ ಸೊಪ್ಪಿನ ಪಲ್ಯ ತರುತ್ತೇನೆಂಬ ಒಂದೇ ಅರ್ಹತೆಯ ಮೇಲೆ ನನ್ನನ್ನು ಹೋದ ವರ್ಷ ಆರೋಗ್ಯಕರ ಆಹಾರ ಸಮಿತಿಗೆ ಹಾಕಿದರು. ಶಿಸ್ತು ಸಮಿತಿಯಲ್ಲಿ ಮೊದಲೇ ಇದ್ದೆ. ನಮ್ಮಲ್ಲಿ ಸಮಿತಿಗಳು ಹಲವು, ಜನ ಮಾತ್ರ ಅವರೇ: ಪ್ರಿನ್ಸಿಪಾಲರು, ಹುಡುಗಿಯರ ಹಾಸ್ಟೆಲ್ಲಿನ ವಾರ್ಡನ್, ಗಣಿತದ ಪ್ರೊಫೆಸರು, ಮತ್ತೆ ನಾನು.

ಕ್ಯಾಂಟೀನಿನ ಒಂದು ಮೂಲೆಗೆ ಹಸಿರು ಬಣ್ಣ ಬಳಿದು ‘ಹೆಲ್ತ್ ಕಾರ್ನರ್’ ಎಂದು ಬ್ಯಾನರ್ ಕಟ್ಟಿದೆವು. ಕೆಲವು ದಿನ ಹಾಗೇ ನಡೆಯಿತು. ಆಮೇಲೆ ಅತಿಥಿಗಳು ಸಿಕ್ಕರೆಂದು ಉದ್ಘಾಟನೆ ಇಟ್ಟುಕೊಂಡೆವು. ಅಲ್ಲಿ ಸೌತೆಕಾಯಿ ಇತ್ತು, ಮೇಯನೇಸಿನ ಕೆಳಗೆ. ಹಣ್ಣೂ ಇತ್ತು, ಐಸ್‌ಕ್ರೀಮಿನ ಕೆಳಗೆ. ಮುಖ್ಯ ಅತಿಥಿಯಾಗಿ ಬಂದ ಡಾಕ್ಟರು ಸಿರಿಧಾನ್ಯದ ಮಹಿಮೆಯನ್ನು ಊಟದ ಹೊತ್ತು ಮೀರುವವರೆಗೆ ಕೊಂಡಾಡಿ, ಆಮೇಲೆ ವೇದಿಕೆಯ ಮೇಲೇ ಕ್ರೀಮ್ ಬನ್ ತಿಂದು ಕೈ ಒರೆಸಿಕೊಂಡರು. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಅಂತಾರೆ. ನಮ್ಮಲ್ಲಿ ಬದನೆಕಾಯಿಯಾದರೂ ಇದ್ದಿದ್ದರೆ ತರಕಾರಿ ಅಂದುಕೊಳ್ಳಬಹುದಿತ್ತು. ಬನ್ನು ಅತಿಥಿಗಳಿಗೆ ಮಾತ್ರ, ಸಮಿತಿಯವರಿಗೆ ಫೋಟೋ.

ಅಲ್ಲಿಂದ ನಾವು ನಾಲ್ವರೂ ಖಾಲಿ ಹೊಟ್ಟೆಯಲ್ಲಿ ಪ್ರಿನ್ಸಿಪಾಲರ ಕೋಣೆಗೆ ಹೋಗಿ ಶಿಸ್ತು ಸಮಿತಿಯಾಗಿ ಕೂತೆವು. ಎದುರಿಗೆ ಗಡಿಯಂಚಿನ ತಾಳವಾಡಿಯ ಒಬ್ಬ ವಿದ್ಯಾರ್ಥಿನಿ. ಮನೆಮಾತು ಕನ್ನಡ, ಓದಿದ್ದೆಲ್ಲ ತಮಿಳಿನಲ್ಲಿ. ವಾರ್ಡನ್ ಮೇಜಿನ ಮೇಲೆ ಒಂದು ಕರೆಂಟ್ ಕೆಟಲನ್ನೂ ಮುಚ್ಚಿದ ಸ್ಟೀಲ್ ಪಾತ್ರೆಯನ್ನೂ ಕಳ್ಳಮಾಲಿನಂತೆ ಇಟ್ಟರು.

“ಸಾರ್, ರೂಮಿನಲ್ಲಿ ಅಡುಗೆ ಮಾಡ್ತಿದಾಳೆ. ಪಕ್ಕದ ರೂಮಿನವರೂ ಬಂದು ತಿಂತಾರೆ,” ಎಂದರು ತಮಿಳಿನಲ್ಲಿ.

“ಏನಡುಗೆ?”

“ಸುಂಡಲ್, ಸಾರ್.”

ಮುಚ್ಚಳ ತೆಗೆದರು. ಬೇಯಿಸಿದ ಹೆಸರುಕಾಳು, ತೆಂಗಿನ ಚೂರು, ಮಾವಿನಕಾಯಿ. ನಿಂಬೆಯ ವಾಸನೆ ಕೋಣೆ ತುಂಬಿತು. ಅಲ್ಲಿಯವರೆಗೆ ತೂಕಡಿಸುತ್ತಿದ್ದ ಗಣಿತದ ಪ್ರೊಫೆಸರು ನೆಟ್ಟಗಾದರು.

“ಮೆಸ್ಸಿನಲ್ಲಿ ಊಟ ಹಾಕ್ತೀವಲ್ಲಮ್ಮ?” ಎಂದರು ಪ್ರಿನ್ಸಿಪಾಲರು.

“ಬೆಳಿಗ್ಗೆ ಬ್ರೆಡ್ಡು, ಆಮೇಲೆ ಎರಡು ಹೊತ್ತೂ ಆಲೂಗೆಡ್ಡೆ, ಸಾರ್. ನನಗೆ ರಕ್ತ ಕಮ್ಮಿ ಇದೆ, ಕಾಳು ತಿನ್ನು ಅಂತ ಕಾಲೇಜಿನ ಡಾಕ್ಟರಮ್ಮನೇ ಹೇಳಿದ್ದು.”

“ಹೆಲ್ತ್ ಕಾರ್ನರ್ ಇಲ್ವಾ?” ವಾರ್ಡನ್ ರೇಗಿದರು.

“ಹೋಗಿದ್ದೆ ಮೇಡಂ. ಕಾಳು ಇದೆಯಾ ಅಂತ ಕೇಳಿದೆ. ಐಸ್‌ಕ್ರೀಮ್ ಕೊಡ್ಲಾ ಅಂದ್ರು.”

ನಗು ಬಂದು ಕೆಮ್ಮಿದೆ. ಹುಡುಗಿ ಥಟ್ಟನೆ ನನ್ನ ಕಡೆ ತಿರುಗಿ ಕನ್ನಡದಲ್ಲಿ, “ನೀವಾದ್ರೂ ಹೇಳಿ ಮೇಡಂ. ಹೊಟ್ಟೆಗೆ ಕಾಳು ತಿನ್ನದೂ ತಪ್ಪಾ?” ಎಂದಳು. ಕಣ್ಣು ತುಂಬಿತ್ತು, ಆದರೆ ದನಿ ಗಟ್ಟಿಯಾಗಿತ್ತು.

“ಏನಂತಾಳೆ?” ಪ್ರಿನ್ಸಿಪಾಲರು ನನ್ನನ್ನು ಕೇಳಿದರು.

“ತೀರ್ಪು ಕೊಡೋ ಮುಂಚೆ ತಾವು ಒಂದ್ಸಲ ರುಚಿ ನೋಡಬೇಕಂತೆ, ಸಾರ್.”

ನನ್ನ ಅನುವಾದ ಕೇಳಿ ಹುಡುಗಿ ಬೆರಗಾಗಿ ಬಾಯಿ ತೆರೆದಳು. ಪ್ರಿನ್ಸಿಪಾಲರು ಅಂಗೈಗೆ ಒಂದಿಷ್ಟು ಹಾಕಿಕೊಂಡು ಗಂಭೀರವಾಗಿ ಅಗಿದರು. “ಉಪ್ಪು ಸರಿಯಿದೆ,” ಎಂದರು. ಪ್ರೊಫೆಸರು ಪರಿಶೀಲಿಸಿದರು, ಅನುಮಾನ ತೀರದೆ ಮತ್ತೆ ಪರಿಶೀಲಿಸಿದರು. ವಾರ್ಡನ್ ತತ್ವಕ್ಕೆ ಅಂಟಿಕೊಂಡು ಸ್ವಲ್ಪ ಹೊತ್ತು ಕೂತಿದ್ದರು, ಆಮೇಲೆ ಬರೀ ಮಾವಿನಕಾಯಿ ಚೂರುಗಳನ್ನು ಹೆಕ್ಕಿದರು. ನಾನೇನು ಮಡಿಯಲ್ಲಿ ಕೂತಿರಲಿಲ್ಲ. ಪಾತ್ರೆಯ ತಳ ಕಂಡಿತು.

“ಈ ಸಲ ಎಚ್ಚರಿಕೆ ಕೊಟ್ಟು ಬಿಡೋಣ. ಕೆಟಲ್ ಮಾತ್ರ ವಾರ್ಡನ್ ಹತ್ರ ಇರಲಿ,” ಎಂದು ಪ್ರಿನ್ಸಿಪಾಲರು ನೀರು ಕುಡಿದರು.

ಹೊರಗೆ ಬಂದ ಮೇಲೆ, ಕ್ಷಮೆ ಸಿಕ್ಕಿತೆಂದು ಹುಡುಗಿ ಹಿಗ್ಗಬಹುದು ಅಂದುಕೊಂಡಿದ್ದೆ. “ಎಲ್ಲಾನೂ ತಿಂದ್ಬುಟ್ರಲ್ಲಾ ಮೇಡಂ!” ಎಂದು ಖಾಲಿ ಪಾತ್ರೆ ತೋರಿಸಿದಳು. “ಹೆಸರುಬೇಳೆ ನೆನೆಸಿ ಕೋಸಂಬರಿ ಮಾಡ್ಕೋ. ಕರೆಂಟೂ ಬೇಡ, ಕೆಟಲ್ಲೂ ಬೇಡ,” ಎಂದೆ. ಅವಳ ಬಿಗಿದ ಮೂತಿ ಸಡಿಲಾಯಿತು.

ಆಮೇಲೆ ಹಾಸ್ಟೆಲ್ಲಿನ ಕಿಟಕಿಗಳಲ್ಲೆಲ್ಲ ಬೇಳೆ ನೆನೆಯತೊಡಗಿತು. ವಾರ್ಡನ್ ನಿಯಮಗಳನ್ನೆಲ್ಲ ತಡಕಾಡಿದರು. ನೆನೆಸಬಾರದು ಎಂದು ಎಲ್ಲೂ ಇರಲಿಲ್ಲ. ಹೆಲ್ತ್ ಕಾರ್ನರಿನಲ್ಲಿ ಸೌತೆಕಾಯಿ ಬೇಗ ಬಾಡಿ, ಅದರ ಜಾಗಕ್ಕೆ ಪಫ್ಸ್ ಬಂತು.

ವಾರ್ಷಿಕೋತ್ಸವದಲ್ಲಿ ಪ್ರಿನ್ಸಿಪಾಲರು, ಹೆಲ್ತ್ ಕಾರ್ನರಿನಿಂದಾಗಿ ನಮ್ಮ ಹುಡುಗಿಯರ ರಕ್ತಹೀನತೆ ಇಳಿಮುಖವಾಗಿದೆ ಎಂದು ಘೋಷಿಸಿದರು. ಸಭೆ ಚಪ್ಪಾಳೆ ತಟ್ಟಿತು. ತಾಳವಾಡಿಯ ಹುಡುಗಿ ಮುಂದಿನ ಸಾಲಿನಲ್ಲೇ ಇದ್ದಳು. ಕೆನ್ನೆಗೆ ಬಣ್ಣ ಬಂದಿತ್ತು. ಅವಳು ಮಾತ್ರ ಕೈ ಕಟ್ಟಿಕೊಂಡು ಕೂತಿದ್ದಳು.