ತಮ್ಮ ಅನ್ನುವ ಡಚ್ ಮಾತು

ಈ ದೇಶದಲ್ಲಿ ರೋಗದ ಹೆಸರು ಹಿಡಿದು ಬೈಯುತ್ತಾರೆ. ಕಾಲರಾ, ಟೈಫಸ್, ಕ್ಯಾನ್ಸರ್. ನಮ್ಮ ಗದಗಿನ ಕಡೆ ‘ನಿನಗ ಬ್ಯಾನಿ ಬರ್ಲಿ’ ಅಂತ ಶಾಪ ಹಾಕುತ್ತಾರೆ, ಬರಲಿ ಅಂತ ಅಷ್ಟೇ. ಇಲ್ಲಿ ನೀನೇ ರೋಗ ಅನ್ನುತ್ತಾರೆ. ಆಂಸ್ಟರ್‌ಡ್ಯಾಮಿನ ಬೀದಿಯಲ್ಲಿ ನನ್ನ ತಮ್ಮ ಬಸುವಿನ ಮುಖಕ್ಕೆ ಮೊದಲ ಗುದ್ದು ಬಿದ್ದಾಗ ಕೇಳಿಸಿದ್ದು ‘ಕೊರೊನಾ’ ಅನ್ನುವ ಒಂದೇ ಬೈಗುಳ.

ಏಳನೆಯ ಇಯತ್ತೆ ಕಲಿತ ನಾನು ಹೋಟೆಲಿನ ಅಡಿಗೆಯವನಾಗಿ ಪರ್ಮಿಟ್ ಮೇಲೆ ಇಲ್ಲಿಗೆ ಬಂದೆ. ಆಮೇಲೆ ಬಸುವನ್ನೂ ಅದೇ ಕೆಲಸಕ್ಕೆ ಕರೆಸಿಕೊಂಡೆ. ನಮ್ಮೂರಲ್ಲಿ ಒಂದು ಕೋಣೆಯಲ್ಲಿ ಎಷ್ಟು ಮಂದಿ ಮಲಗಿದರೂ ಯಾರೂ ಕೇಳುವುದಿಲ್ಲ. ಇಲ್ಲಿ ಮಲಗುವವರ ಹೆಸರು ನಗರಸಭೆಯಲ್ಲಿ ಇರಬೇಕು. ಕೋಣೆಯ ಮಾಲೀಕ ನನ್ನೊಬ್ಬನ ಹೆಸರಿಗೆ ಮಾತ್ರ ಒಪ್ಪಿದ್ದ. ‘ಇನ್ನೊಬ್ಬ ಇದ್ದಾನೆ ಅಂತ ಗೊತ್ತಾದರೆ ಹೊರಗೆ’ ಅಂದಿದ್ದ. ಹಾಗಾಗಿ ಬಸುವಿನ ಹೆಸರು ಹತ್ತಿರದ ಆಲ್ಮೆರೆ ಊರಿನ ಗೆಳೆಯನ ಮನೆಯಲ್ಲಿ, ಹಾಸಿಗೆ ನನ್ನ ಪಕ್ಕದಲ್ಲಿ.

ರೋಗ ಬಂದು ಹೋಟೆಲ್ ಮುಚ್ಚಿತು, ಪಾರ್ಸೆಲ್ ಉಳಿಯಿತು. ಬೈಟನ್‌ವೆಲ್ಡರ್ಟ್ ಬಡಾವಣೆಯಲ್ಲಿ ಮನೆಯಲ್ಲೇ ಕೂತು ಕೆಲಸ ಮಾಡುವ ಬೆಂಗಳೂರಿನವರಿಗೆ ಸೈಕಲ್ ಮೇಲೆ ಊಟ ಒಯ್ಯುತ್ತಿದ್ದೆವು. ‘ಅಲ್ಲೇ ಇಟ್ಬಿಡಿ, ಹತ್ರ ಬರ್ಬೇಡಿ’ ಅಂತ ಕನ್ನಡದಲ್ಲೇ ಹೇಳಿ ಬಾಗಿಲು ಹಾಕಿಕೊಳ್ಳುತ್ತಿದ್ದರು.

‘ನಾವ್ ಮುಟ್ಟಿದ್ ಅನ್ನ ಬೇಕಂತ, ನಾವ್ ಬ್ಯಾಡಂತ!’ ಬಸು ನಗುತ್ತಿದ್ದ.

ಆ ಸಂಜೆ ಅಲ್ಲಿಂದ ಬರುವಾಗ ಸಿಗ್ನಲ್ಲಿನಲ್ಲಿ ಮೂವರು ಹುಡುಗರು ಬಸುವನ್ನು ಸೈಕಲ್ಲಿನಿಂದ ಎಳೆದರು. ಕೆಳಗೆ ಬಿದ್ದವನ ಪಕ್ಕೆಗೆ ಒದ್ದರು, ಕಿವಿಯ ಮೇಲೆ ಬೂಟುಗಾಲು ಇಟ್ಟು ತುಳಿದರು. ನಾನು ಒಬ್ಬನ ಕೊರಳಪಟ್ಟಿ ಹಿಡಿದೆ. ಅವನು ನನ್ನ ಬೆರಳನ್ನು ಹಿಂದಕ್ಕೆ ಮಡಚಿ ಮುರಿದ. ಇನ್ನೊಬ್ಬ ಸೈಕಲ್ ಎತ್ತಿ ಬಸುವಿನ ಬಾಯಿಯ ಮೇಲೆ ಕುಕ್ಕಿದ. ಹಲ್ಲು ಮುರಿದ ಸದ್ದು ಕೇಳಿಸಿತು. ಮೇಲಿನ ಕಿಟಕಿಯಿಂದ ಒಬ್ಬ ಮುದುಕಿ ಚೀರಿಕೊಂಡ ಮೇಲೆಯೇ ಅವರು ಓಡಿದ್ದು.

ಆಂಬ್ಯುಲೆನ್ಸ್ ಬಂತು. ಒಂದೇ ಮನೆಯವರು ಮಾತ್ರ ಜೊತೆಗೆ ಹೋಗಬಹುದು ಅಂದರು. ಪೊಲೀಸ್ ಹೆಂಗಸು ನನ್ನ ಗುರುತಿನ ಚೀಟಿ ಹಿಡಿದುಕೊಂಡು ‘ಹೌಸ್‌ಖೆನೋಟ್?’ ಅಂದಳು. ಒಂದೇ ಸೂರಿನಡಿ ಇರುವವರಾ ಅಂತ. ಮಾಲೀಕನ ಮುಖ ಕಣ್ಣ ಮುಂದೆ ಬಂತು.

‘ನೇ’ ಅಂದೆ. ಅಲ್ಲ.

ತಮ್ಮ ಅನ್ನಬಹುದಿತ್ತು. ಅದಕ್ಕೆ ಡಚ್ ಮಾತು ಬಾಯಿಗೆ ಬರಲಿಲ್ಲ ಅಂತ ಇಷ್ಟು ದಿನ ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ. ಬಂದಿತ್ತು. ನುಂಗಿದೆ. ಒಂದು ಹೌದಿಗೆ ಇನ್ನೊಂದು, ಮತ್ತೊಂದು ಪ್ರಶ್ನೆ ಹುಟ್ಟುತ್ತದೆ ಅಂತ ಹೆದರಿದೆ.

ಸ್ಟ್ರೆಚರ್ ಮೇಲಿದ್ದ ಬಸು ರಕ್ತ ಉಗುಳಿ, ‘ಅಣ್ಣಾ, ನಾ ನಮ್ಮ ಮನಿಯಾಂವ ಅಲ್ಲೇನೋ?’ ಅಂದ. ಬಾಗಿಲು ಮುಚ್ಚಿಕೊಂಡಿತು.

ಆಸ್ಪತ್ರೆಯಲ್ಲಿ ಏನು ಕೇಳಿದರು, ಏನು ಹೇಳಿದ, ನನಗೆ ಗೊತ್ತಿಲ್ಲ. ಎಡಗಿವಿ ಹೋಯಿತು. ಅಲ್ಲಿಂದ ಸೀದಾ ಆಲ್ಮೆರೆಗೆ ಹೋದ. ಫೋನ್ ಎತ್ತಲಿಲ್ಲ.

ಈಗ ನನ್ನ ಹೆಸರಿಗೆ ಮನೆಯಿದೆ, ಇಬ್ಬರ ಹೆಸರೂ ಹಚ್ಚಬಹುದು. ಹೋದ ವಾರ ಕರೆಯಲು ಹೋಗಿದ್ದೆ. ಮಾತು ಬಂದಾಗಿನಿಂದ ನನಗೆ ‘ನೀ’ ಅಂದವನು ಬಾಗಿಲು ತೆಗೆದು, ‘ಬರ್ರಿ, ಕೂಡ್ರಿ’ ಅಂದ. ನಾನು ಅವನ ಬಲಗಿವಿಯ ಕಡೆ ಕೂತೆ. ಚಹಾ ಕೊಟ್ಟ. ಕುಡಿದೆ.

‘ಸಾಕೋ ಬಸು, ಮನಿಗೆ ಹೋಗೂಣ ನಡಿ.’

‘ಯಾವ ಮನಿಗ್ರಿ?’ ಅಂದ.