ಸೂಜಿಗೆ ಕೊಟ್ಟ ಮುಯ್ಯಿ

ಚೋರನೂರಿನಿಂದ ಇನ್ನೂ ಒಳಗಿರುವ ಆ ಸಣ್ಣ ಹಳ್ಳಿಯಲ್ಲಿ ದುರ್ಗಕ್ಕ ಕಳೆ ತೆಗೆಯಲು ಕೂತಳೆಂದರೆ ಪಕ್ಕದ ಸಾಲಿನವರು ಮಾತು ಕಡಿಮೆ ಮಾಡಿ ಕೈ ಚುರುಕು ಮಾಡುತ್ತಿದ್ದರು. ಅಲ್ಲಿ ಕಳೆಗೆ ಕೂಲಿಯಿಲ್ಲ, ಮುಯ್ಯಿ. ಇವತ್ತು ನಿನ್ನ ಹೊಲದಲ್ಲಿ ನಾನು ದುಡಿದರೆ ನಾಳೆ ನನ್ನ ಹೊಲಕ್ಕೆ ನೀನು ಬರಬೇಕು. ಆ ಮುಂಗಾರಿನಲ್ಲಿ ದುರ್ಗಕ್ಕ ಎಲ್ಲರ ಮೆಕ್ಕೆಜೋಳವನ್ನೂ ಹಸನು ಮಾಡಿದ್ದಳು. ಅವಳ ಹೊಲವೊಂದೇ ಬಾಕಿಯಿತ್ತು.

ಅವಳ ಚಿಂತೆ ಬೇರೆ ಇತ್ತು. ಗಂಡ ಎರ್ರೆಪ್ಪ ಸಂಡೂರಿನ ಗಣಿಗಳಲ್ಲಿ ವರ್ಷಗಟ್ಟಲೆ ಅದಿರು ತುಂಬಿದವನು. ಧೂಳು ಎದೆಯಲ್ಲೇ ಉಳಿದಿತ್ತು. ಕೊರೋನಾ ಮತ್ತೆ ಬಂದರೆ ಈ ಎದೆ ತಡೆಯುವುದಿಲ್ಲ, ಲಸಿಕೆಯ ಮೂರನೇ ಸೂಜಿ ಹಾಕಿಸಿ ಎಂದು ಡಾಕ್ಟರು ಹೇಳಿದ್ದರು. ಅಂದಿನಿಂದ ದುರ್ಗಕ್ಕ ಅವನನ್ನು ಕಟ್ಟೆಗೂ ಬಿಟ್ಟಿರಲಿಲ್ಲ.

ಸರ್ಕಾರ ಎಲ್ಲರಿಗೂ ಸೂಜಿ ಬಿಟ್ಟಿಯಾಗಿ ಕೊಡುತ್ತಿತ್ತು. ಹೊಸಪೇಟೆಯ ಚಿತ್ತವಾಡ್ಗಿಯಲ್ಲಿದ್ದ ಅವಳ ತಂಗಿ ಹೊಳೆಮ್ಮ ಕಾಯಿಪಲ್ಲೆ ತರಲು ಹೋದವಳು ದಾರಿಯಲ್ಲೇ ಹಾಕಿಸಿಕೊಂಡು ಬಂದಿದ್ದಳು. ಹಳ್ಳಿಯಲ್ಲಿ ಹಾಗಾಗುತ್ತಿರಲಿಲ್ಲ. ಒಂದು ಬಾಟಲಿಯಲ್ಲಿ ಹತ್ತು ಜನರ ಮದ್ದು. ಒಮ್ಮೆ ತೆರೆದರೆ ನಾಲ್ಕು ತಾಸಿನೊಳಗೆ ಮುಗಿಸಬೇಕು, ಉಳಿದದ್ದು ಚೆಲ್ಲಬೇಕು. ಚೆಲ್ಲಿದ್ದಕ್ಕೆ ಹಳ್ಳಿಯ ನರ್ಸ್ ವಂದನಾ ಮೇಲಿನವರಿಗೆ ಉತ್ತರ ಕೊಡಬೇಕು, ಹಾಗಾಗಿ ಹತ್ತು ಜನ ಸೇರದೆ ಅವಳು ಬಾಟಲಿ ತೆರೆಯುತ್ತಿರಲಿಲ್ಲ. ಪೇಟೆಯಲ್ಲಿ ಹತ್ತು ಜನ ಮಾತಾಡುವಷ್ಟರಲ್ಲಿ ಸೇರುತ್ತಾರೆ. ಇಲ್ಲಿ ಕೊರೋನಾದ ಭಯ ಹೋಗಿತ್ತು, ಕಳೆ ಬೆಳೆದಿತ್ತು. ಸೂಜಿ ಹಾಕುವ ಬುಧವಾರ ನಾಲ್ಕು ಜನ ಬಂದರೆ ಹೆಚ್ಚು. ಎರಡು ಸಲ ಎರ್ರೆಪ್ಪ ಏದುಸಿರು ಬಿಡುತ್ತ ಆರೋಗ್ಯ ಉಪಕೇಂದ್ರದವರೆಗೆ ನಡೆದು ಹಾಗೇ ಮರಳಿದ್ದ. ಹೊಸಪೇಟೆಯ ತನಕ ಬಸ್ಸಿನಲ್ಲಿ ಕೂರುವ ಶಕ್ತಿ ಅವನಿಗಿರಲಿಲ್ಲ.

"ಇನ್ನೊಂದೇ ಸಲ ಬರ್ತೀನಿ," ಎಂದಿದ್ದ. "ಆಮ್ಯಾಲ ಕರೀಬ್ಯಾಡ."

ಮಂಗಳವಾರ ಕಳೆ ಮುಗಿದ ಕೊನೆಯ ಹೊಲದ ಬದುವಿನಲ್ಲಿ ಬುತ್ತಿ ಬಿಚ್ಚಿದಾಗ ದುರ್ಗಕ್ಕ ಪಕ್ಕದ ಸಾಲಿನ ದ್ಯಾಮಕ್ಕನಿಗೆ ಹೇಳಿದಳು, "ನಂದು ಮುಯ್ಯಿ ಐತಲ್ಲ, ನಾಳಿ ತೀರಿಸ್ರಿ. ಎಲ್ಲಾರೂ."

"ಬರ್ತೀವಿ ತಗ. ನಿನ್ನ ಹೊಲದಾಗ ಕಳಿ ಮೊಣಕಾಲುದ್ದ ಆಗೇತಿ."

"ಹೊಲಕ್ಕ ಬ್ಯಾಡ. ಸೂಜಿಗೆ ಬರ್ರಿ."

ದ್ಯಾಮಕ್ಕ ರೊಟ್ಟಿ ಅಗಿಯುವುದನ್ನು ನಿಲ್ಲಿಸಿದಳು. "ಸೂಜಿ ಚುಚ್ಚಿಸ್ಕೊಂಡ್ರ ಮುಯ್ಯಿ ತೀರ್ತದೇನು? ಹಂಗಾದ್ರ ನಿನ್ನ ಜ್ವಾಳ ಯಾರು ನೋಡ್ಬೇಕು?"

"ನಾನೇ ನೋಡ್ಕಂತೀನಿ."

"ಒಬ್ಬಾಕಿನಾ? ಹುಚ್ಚು ಹಿಡಿದೈತಿ ನಿನಗ."

"ಹಿಡೀಲಿ. ಬರ್ತಿಯೋ ಇಲ್ಲೋ ಹೇಳು."

ದ್ಯಾಮಕ್ಕ ಕೈ ತೊಳೆದು ಬುತ್ತಿಯ ಗಂಟು ಕಟ್ಟಿದಳು.

ಬುಧವಾರ ಉಪಕೇಂದ್ರದ ಬೆಂಚಿನ ಮೇಲೆ ಎರ್ರೆಪ್ಪ, ದುರ್ಗಕ್ಕ ಸೇರಿ ಎಂಟು ಜನ ಕೂತಿದ್ದರು. ವಂದನಾ ಶೀತಪೆಟ್ಟಿಗೆಯ ಮುಚ್ಚಳದ ಮೇಲೆ ಕೈಯಿಟ್ಟುಕೊಂಡು ರಸ್ತೆ ನೋಡುತ್ತಿದ್ದಳು. ಬಿಸಿಲೇರಿತು. ಎರ್ರೆಪ್ಪ ಕೋಲು ಊರಿ ಎದ್ದ. "ನಡಿ, ಸಾಕು."

"ಇನ್ನೊಂದೀಟು ಕುಂದ್ರಿ."

ಅವನು ಮೆಟ್ಟಿಲಿಳಿಯುವಾಗ ದ್ಯಾಮಕ್ಕ ಸೊಸೆಯ ಕೈ ಹಿಡಿದು ಎಳೆದುಕೊಂಡು ಬಂದಳು. ಇಬ್ಬರ ಕಾಲಿಗೂ ಹೊಲದ ಕೆಸರು.

"ಎಲ್ಲಿಗೆ ಹೊಂಟಿ ಮಾವ? ಸೂಜಿ ಅಂದ್ರ ಅಷ್ಟು ಹೆದ್ರಿಕಿನಾ?"

"ನಿನ್ನ ನೋಡಿ ಹೆದ್ರಿದೆ," ಎಂದು ಎರ್ರೆಪ್ಪ ತಿರುಗಿ ಬಂದು ಕೂತ.

ವಂದನಾ ಬಾಟಲಿ ತೆರೆದಳು. ಮೊದಲ ಸೂಜಿ ಅವನಿಗೇ.

ಅರ್ಧ ಗಂಟೆ ಅಲ್ಲೇ ಕೂರಬೇಕೆಂದು ಅವಳು ಹೇಳಿದಳು. ಎಷ್ಟೋ ತಿಂಗಳ ಮೇಲೆ ಜನರ ನಡುವೆ ಕೂತ ಎರ್ರೆಪ್ಪ ಯಾರ ಮೆಕ್ಕೆಜೋಳ ಎಷ್ಟೆತ್ತರ, ಯಾರ ಎಮ್ಮೆ ಈದಿದೆ ಎಂದು ಒಬ್ಬೊಬ್ಬರನ್ನೇ ಕೇಳಿದ. ಹೊತ್ತು ಮುಗಿದು ವಂದನಾ "ಇನ್ನ ಹೋಗ್ಬೋದು ಅಜ್ಜಾ" ಎಂದರೂ ಅವನು ಏಳಲಿಲ್ಲ.

ದುರ್ಗಕ್ಕನೂ ಎಬ್ಬಿಸಲಿಲ್ಲ. ನೋಯುವ ತೋಳನ್ನು ಒಮ್ಮೆ ನೀವಿಕೊಂಡು, ಕಳೆ ಕೀಳುವ ಕುರುಪಿ ಹಿಡಿದು ಒಬ್ಬಳೇ ತನ್ನ ಹೊಲದ ಕಡೆಗೆ ನಡೆದಳು.